ಹಳೇ ಕಂಪ್ಯೂಟರ್‌ಗೆ ಲಿನಕ್ಸ್: ಯಾವುದನ್ನು ಆರಿಸಬೇಕು, ಫೈಲ್ ಕಳೆದುಕೊಳ್ಳದೆ ಹೇಗೆ ಹಾಕಬೇಕು

"ಮನೇಲಿ ಹಳೇ ಲ್ಯಾಪ್‌ಟಾಪ್ ಇದೆ, ವಿಂಡೋಸ್ 11 ಬರಲ್ಲ ಅಂತಿದೆ, ಯಾವ ಲಿನಕ್ಸ್ ಹಾಕಲಿ?" ಈ ಪ್ರಶ್ನೆ ಪದೇ ಪದೇ ಬರುತ್ತಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದ ಮೇಲಂತೂ ಇನ್ನೂ ಜಾಸ್ತಿ. ಲಿನಕ್ಸ್ ಅಂದರೆ ವಿಂಡೋಸ್ ಬದಲಿಗೆ ಹಾಕಿಕೊಳ್ಳಬಹುದಾದ ಉಚಿತ ಆಪರೇಟಿಂಗ್ ಸಿಸ್ಟಮ್. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಬೇಕು. ಇಂಟೆಲ್ ಆದರೆ ಹೆಚ್ಚುಕಡಿಮೆ 8ನೇ ತಲೆಮಾರಿನ ಪ್ರೊಸೆಸರ್ ಬೇಕು. ಅದಕ್ಕಿಂತ ಹಿಂದಿನ ಐ3, ಐ5 ಮಷೀನ್‌ಗಳು ಚೆನ್ನಾಗಿ ಓಡುತ್ತಿದ್ದರೂ ಮೂಲೆ ಸೇರುತ್ತಿವೆ. ಬ್ರೌಸಿಂಗ್, ಮಕ್ಕಳ ಓದು, ಕನ್ನಡ ಟೈಪಿಂಗ್, ವಿಡಿಯೊ, ಲೆಕ್ಕಪತ್ರ, ಇಷ್ಟಕ್ಕೆ ಅವು ಇನ್ನೂ ಕೆಲವು ವರ್ಷ ಧಾರಾಳವಾಗಿ ಸಾಕು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಯಾವ ಲಿನಕ್ಸ್ ಅಂತ ಜನ ತುಂಬಾ ತಲೆ ಕೆಡಿಸಿಕೊಳ್ಳುತ್ತಾರೆ. ಅದನ್ನು ಆಮೇಲೆ ಬೇಕಾದರೂ ಬದಲಾಯಿಸಬಹುದು. ಅವಸರದಲ್ಲಿ ಅಳಿಸಿದ ಡಿಸ್ಕ್ ಮಾತ್ರ ವಾಪಸ್ ಬರಲ್ಲ. ಹಾಗಾಗಿ ಕೆಳಗಿನ ಹಂತಗಳಲ್ಲಿ ಅರ್ಧಕ್ಕರ್ಧ ಇನ್‌ಸ್ಟಾಲ್ ಮಾಡುವುದಕ್ಕಿಂತ ಮುಂಚಿನ ಕೆಲಸಗಳೇ ಇವೆ. ದಯವಿಟ್ಟು ಅವನ್ನು ಹಾರಿಸಬೇಡಿ.

1. ನಿಮ್ಮ ಕೆಲಸಕ್ಕೆ ಲಿನಕ್ಸ್ ಸಾಕಾ, ಮೊದಲು ನೋಡಿಕೊಳ್ಳಿ

ಎಲ್ಲರಿಗೂ ಲಿನಕ್ಸ್ ಹೊಂದುವುದಿಲ್ಲ. ಟ್ಯಾಲಿ ವಿಂಡೋಸ್‌ಗೆ ಮಾತ್ರ ಇರುವ ತಂತ್ರಾಂಶ. ಅಂಗಡಿಯ ಲೆಕ್ಕ ಅದರಲ್ಲೇ ಇದ್ದರೆ ಆ ಮಷೀನ್ ಮುಟ್ಟಬೇಡಿ. ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಬಳಸುವವರು, ಬೆರಳಚ್ಚು ಯಂತ್ರ ಇಟ್ಟುಕೊಂಡು ಆಧಾರ್ ಆಧಾರಿತ ಸೇವೆ ಕೊಡುವವರು ಕೂಡ ಅಷ್ಟೇ. ಕೆಲವು ಟೋಕನ್‌ಗಳಿಗೆ ಲಿನಕ್ಸ್ ಡ್ರೈವರ್ (ಆ ಸಾಧನವನ್ನು ನಡೆಸುವ ತಂತ್ರಾಂಶ) ಇದೆ, ಆದರೆ ಕೊನೇ ದಿನಾಂಕದ ಹಿಂದಿನ ರಾತ್ರಿ ಅದನ್ನು ಪರೀಕ್ಷಿಸುತ್ತಾ ಕೂರುವುದು ಬೇಡ.

ಪ್ರಿಂಟರ್ ವಿಷಯಕ್ಕೆ ಬಂದರೆ, ಎಚ್‌ಪಿಯ ಬಹಳಷ್ಟು ಪ್ರಿಂಟರ್‌ಗಳು ಲಿನಕ್ಸ್‌ನಲ್ಲಿ ಸಲೀಸಾಗಿ ನಡೆಯುತ್ತವೆ. ನಮ್ಮಲ್ಲಿ ಜೆರಾಕ್ಸ್ ಅಂಗಡಿಗಳಿಂದ ಹಿಡಿದು ವಕೀಲರ ಕಚೇರಿವರೆಗೆ ಕಾಣುವ ಕ್ಯಾನನ್ ಎಲ್‌ಬಿಪಿ 2900 ಮಾತ್ರ ತುಂಬಾ ಗೋಳು. ಅದೇ ಪ್ರಿಂಟರ್ ನಿಮ್ಮ ಜೀವನಾಧಾರವಾಗಿದ್ದರೆ ಇಲ್ಲೇ ನಿಲ್ಲಿಸಿ.

2. ಮಷೀನ್ ಒಳಗೆ ಏನಿದೆ ಅಂತ ಬರೆದುಕೊಳ್ಳಿ

ಮೂರು ಸಂಗತಿ ಬೇಕು: ಪ್ರೊಸೆಸರ್ ಹೆಸರು, ರ್ಯಾಮ್ ಎಷ್ಟು, ಡಿಸ್ಕ್ ಯಾವ ಬಗೆಯದು (ತಿರುಗುವ ಹಾರ್ಡ್ ಡಿಸ್ಕೋ, ತಿರುಗುವ ಭಾಗವಿಲ್ಲದ ವೇಗದ ಎಸ್‌ಎಸ್‌ಡಿಯೋ). ವಿಂಡೋಸ್ 10ರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಅಬೌಟ್ ಅಂತ ಹೋದರೆ ಮೊದಲ ಎರಡು ಸಿಗುತ್ತವೆ.

ಅಲ್ಲೇ "ಸಿಸ್ಟಮ್ ಟೈಪ್" ಅನ್ನುವ ಸಾಲೂ ಇರುತ್ತದೆ. ಎಷ್ಟೋ ಜನ ಅಲ್ಲಿ 32-ಬಿಟ್ ಅಂತ ನೋಡಿ ನಿರಾಸೆಯಾಗುತ್ತಾರೆ. ಆ ಸಾಲನ್ನು ಪೂರ್ತಿ ಓದಿ. "32-ಬಿಟ್ ಆಪರೇಟಿಂಗ್ ಸಿಸ್ಟಮ್, ಎಕ್ಸ್64 ಪ್ರೊಸೆಸರ್" ಅಂತಿದ್ದರೆ ನಿಮ್ಮ ಪ್ರೊಸೆಸರ್ 64-ಬಿಟ್ಟೇ, ಯಾರೋ ಅದರ ಮೇಲೆ 32-ಬಿಟ್ ವಿಂಡೋಸ್ ಹಾಕಿದ್ದಾರೆ ಅಷ್ಟೇ. ಕೋರ್ 2 ಡ್ಯುಯೊ ಮತ್ತು ಅದರ ನಂತರದ ಐ3, ಐ5, ಐ7 ಎಲ್ಲವೂ 64-ಬಿಟ್. ನಿಜವಾಗಿ 32-ಬಿಟ್ ಮಾತ್ರ ಇರುವುದು ಹಳೆಯ ಪೆಂಟಿಯಂ 4ಗಳಲ್ಲಿ ಹಲವು, ಚಿಕ್ಕ ನೆಟ್‌ಬುಕ್‌ಗಳಲ್ಲಿದ್ದ ಆಟಂ ಎನ್270 ಥರದವು.

3. ಲಿನಕ್ಸ್ ಆರಿಸುವುದು

ಲಿನಕ್ಸ್‌ನಲ್ಲಿ ನೂರಾರು ಬಗೆ ಇವೆ. ಒಂದೊಂದಕ್ಕೂ ಡಿಸ್ಟ್ರೊ ಅಂತಾರೆ, ಅಂದರೆ ಲಿನಕ್ಸ್ ತಿರುಳಿನ ಜೊತೆ ಬೇಕಾದ ತಂತ್ರಾಂಶಗಳನ್ನೆಲ್ಲ ಸೇರಿಸಿ ಕೊಡುವ ಒಂದು ಪೂರ್ತಿ ಕಟ್ಟು. ಹಳೇ ಮಷೀನ್‌ಗೆ ನೋಡಬೇಕಾದ್ದು ಎರಡೇ: ಎಷ್ಟು ವರ್ಷ ಭದ್ರತಾ ಅಪ್‌ಡೇಟ್ ಬರುತ್ತದೆ, ಎಷ್ಟು ಹಗುರ ಇದೆ.

ನನ್ನ ಆಯ್ಕೆ ಹೀಗೆ.

ರ್ಯಾಮ್ 4 ಜಿಬಿ ಅಥವಾ ಜಾಸ್ತಿ ಇದ್ದರೆ ಲಿನಕ್ಸ್ ಮಿಂಟ್, ಅದರಲ್ಲೂ ಎಕ್ಸ್‌ಎಫ್‌ಸಿಇ ಆವೃತ್ತಿ. ಎಕ್ಸ್‌ಎಫ್‌ಸಿಇ ಅಂದರೆ ಡೆಸ್ಕ್‌ಟಾಪ್‌ನ ಹೆಸರು, ನೀವು ಕಣ್ಣಿಗೆ ನೋಡುವ ಮೆನು, ಕಿಟಕಿ, ಪಟ್ಟಿ ಎಲ್ಲ ಅದೇ. ಇದು ಹಗುರ, ವಿಂಡೋಸ್ 7 ಬಳಸಿದವರಿಗೆ ಹೊಸದು ಅಂತ ಅನ್ನಿಸಲ್ಲ. ಮಿಂಟ್ 22 ಸರಣಿ ಉಬುಂಟು 24.04ರ ಮೇಲೆ ಕಟ್ಟಿದ್ದು, 2029ರವರೆಗೆ ಬೆಂಬಲ ಇದೆ. ಕನಿಷ್ಠ 2 ಜಿಬಿ ರ್ಯಾಮ್ ಸಾಕು ಅಂತ ಅವರೇ ಹೇಳುತ್ತಾರೆ, ಆದರೆ ಈಗಿನ ವೆಬ್‌ಸೈಟ್‌ಗಳನ್ನು ತೆರೆದರೆ 4 ಜಿಬಿ ಬೇಕೇ ಬೇಕು.

2 ಜಿಬಿ ರ್ಯಾಮ್ ಇದ್ದು ಜಾಸ್ತಿ ಮಾಡಲು ಆಗದಿದ್ದರೆ ಎಂಎಕ್ಸ್ ಲಿನಕ್ಸ್ ನೋಡಿ. ಸ್ವಲ್ಪ ಅನುಭವ ಇರುವವರು ಡೆಬಿಯನ್ 13 ಅನ್ನೇ ಎಕ್ಸ್‌ಎಫ್‌ಸಿಇ ಜೊತೆ ಹಾಕಿಕೊಳ್ಳಬಹುದು. ಡೆಬಿಯನ್‌ನಷ್ಟು ಗಟ್ಟಿ, ಅಲುಗಾಡದ ಡಿಸ್ಟ್ರೊ ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ.

32-ಬಿಟ್ ಮಷೀನ್ ಕಥೆ ಮಾತ್ರ ಕಷ್ಟ. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13 ಅದಕ್ಕೆ ಇನ್‌ಸ್ಟಾಲರ್ ಕೊಡುವುದನ್ನೇ ನಿಲ್ಲಿಸಿತು. ಲಿನಕ್ಸ್‌ಗೆ 32-ಬಿಟ್ ಕ್ರೋಮ್ 2016ರಲ್ಲೇ ಹೋಯಿತು, ಫೈರ್‌ಫಾಕ್ಸ್ ಕೂಡ 144ನೇ ಆವೃತ್ತಿಯ ನಂತರ ಕೈಬಿಟ್ಟಿದೆ. ಆಂಟಿಎಕ್ಸ್ 23ರ 32-ಬಿಟ್ ಆವೃತ್ತಿ ಹಾಕಿ ಟೈಪಿಂಗ್‌ಗೋ ಹಾಡು ಕೇಳೋದಕ್ಕೋ ಇಟ್ಟುಕೊಳ್ಳಬಹುದು. ಬ್ಯಾಂಕ್ ಕೆಲಸಕ್ಕೆ ಆ ಮಷೀನ್ ಬಳಸಬೇಡಿ.

ಬೇಡವಾದವು: ಕಾಲಿ ಲಿನಕ್ಸ್ (ವಿಡಿಯೊ ನೋಡಿ ಹುಡುಗರು ಇದನ್ನೇ ಹಾಕುತ್ತಾರೆ, ಅದು ಭದ್ರತಾ ಪರೀಕ್ಷೆ ಮಾಡುವವರ ಉಪಕರಣ, ದಿನಬಳಕೆಗೆ ಅಲ್ಲ), ಆರ್ಚ್ ಥರ ಸದಾ ಹೊಸದಾಗುತ್ತಲೇ ಇರುವವು, ಮತ್ತು ಫೆಡೊರಾ. ಫೆಡೊರಾ ಕೆಟ್ಟದ್ದೇನಲ್ಲ. ಆದರೆ ಅದರ ಒಂದೊಂದು ಆವೃತ್ತಿಗೆ ಸುಮಾರು 13 ತಿಂಗಳು ಮಾತ್ರ ಬೆಂಬಲ. ಅಪ್ಪ ಅಮ್ಮನ ಕಂಪ್ಯೂಟರ್‌ಗೆ ಹಾಕಿ ಊರಿಂದ ಹೊರಟರೆ, ಅಪ್‌ಗ್ರೇಡ್ ಮಾಡೋಕೆ ಮತ್ತೆ ಯಾರು ಬರ್ತಾರೆ?

4. ಸಾಧ್ಯವಾದರೆ ಹೊಸ ಎಸ್‌ಎಸ್‌ಡಿ ತನ್ನಿ, ಹಳೇ ಡಿಸ್ಕ್ ಬಿಚ್ಚಿ ಪಕ್ಕಕ್ಕಿಡಿ

ಇಡೀ ಲೇಖನದಲ್ಲಿ ನಾನು ಗಟ್ಟಿಯಾಗಿ ಹೇಳಬೇಕಾದ್ದು ಇದೇ.

ಹಳೇ ಕಂಪ್ಯೂಟರ್ ನಿಧಾನ ಅನ್ನಿಸುವುದಕ್ಕೆ ಬಹುಪಾಲು ಕಾರಣ ಅದರ ತಿರುಗುವ ಹಾರ್ಡ್ ಡಿಸ್ಕ್. ಯಾವ ಹಗುರ ಲಿನಕ್ಸ್ ಹಾಕಿದರೂ ಆ ಡಿಸ್ಕ್ ವೇಗ ಬದಲಾಗಲ್ಲ. 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಒಂದನ್ನು ತಂದು ಅದರ ಜಾಗದಲ್ಲಿ ಕೂರಿಸಿದರೆ ಮಷೀನ್ ಗುರುತೇ ಸಿಗದಷ್ಟು ಚುರುಕಾಗುತ್ತದೆ. 240 ಅಥವಾ 256 ಜಿಬಿ ಸಾಕು.

ವೇಗದ ಮಾತು ಹಾಗಿರಲಿ, ಇದರಲ್ಲಿ ಇನ್ನೂ ದೊಡ್ಡ ಲಾಭ ಇದೆ. ಹಳೇ ಡಿಸ್ಕ್ ನಿಮ್ಮ ಫೋಟೊ, ಫೈಲ್, ವಿಂಡೋಸ್ ಸಮೇತ ಹಾಗೇ ಡ್ರಾಯರ್‌ನಲ್ಲಿ ಕೂತಿರುತ್ತದೆ. ಲಿನಕ್ಸ್ ಇಷ್ಟವಾಗಲಿಲ್ಲವಾ, ಅದನ್ನೇ ವಾಪಸ್ ಹಾಕಿದರೆ ಕಂಪ್ಯೂಟರ್ ಮೊದಲಿನ ಹಾಗೇ. ಇನ್‌ಸ್ಟಾಲ್ ಮಾಡುವಾಗ ತಪ್ಪು ಡಿಸ್ಕ್ ಅಳಿಸುವ ಭಯವೂ ಇಲ್ಲ, ಯಾಕೆಂದರೆ ಆ ಡಿಸ್ಕ್ ಮಷೀನ್‌ನಲ್ಲೇ ಇರುವುದಿಲ್ಲ.

ಬಿಚ್ಚುವ ಮುಂಚೆ ಚಾರ್ಜರ್ ತೆಗೆಯಿರಿ, ಬ್ಯಾಟರಿ ಹೊರಗೆ ಬರುವ ಬಗೆಯದಾದರೆ ಅದನ್ನೂ ತೆಗೆಯಿರಿ. ಬ್ಯಾಟರಿ ಉಬ್ಬಿದ್ದರೆ ಚುಚ್ಚಬೇಡಿ, ಒತ್ತಬೇಡಿ, ರಿಪೇರಿಯವರ ಹತ್ತಿರ ಕೊಡಿ.

ರ್ಯಾಮ್ ಕೂಡ ಹಾಕಿಸುವುದಾದರೆ ಹಳೇ ಕಡ್ಡಿಯನ್ನು ಕೈಯಲ್ಲೇ ಹಿಡಿದುಕೊಂಡು ಹೋಗಿ. ಡಿಡಿಆರ್3 ಮತ್ತು ಡಿಡಿಆರ್3ಎಲ್ ನೋಡೋಕೆ ಒಂದೇ ಥರ, ಆದರೆ ಎಲ್ ಇರುವುದು 1.35 ವೋಲ್ಟ್‌ನಲ್ಲಿ ನಡೆಯುತ್ತದೆ, ಇನ್ನೊಂದು 1.5 ವೋಲ್ಟ್‌ನದು. ಇಂಟೆಲ್ 4ನೇ ತಲೆಮಾರಿನ ಲ್ಯಾಪ್‌ಟಾಪ್‌ಗಳಿಗೆ ಎಲ್ ಇರುವುದೇ ಬೇಕು. ಬೆಂಗಳೂರಿನವರಿಗೆ ಎಸ್‌.ಪಿ. ರಸ್ತೆಯಲ್ಲಿ ಸೆಕೆಂಡ್ ಹ್ಯಾಂಡ್ ಕಡ್ಡಿಗಳು ಸುಲಭವಾಗಿ ಸಿಗುತ್ತವೆ. ಎಸ್‌ಎಸ್‌ಡಿ ಮಾತ್ರ ಬಿಲ್, ವಾರಂಟಿ ಇರುವ ಹೊಸದನ್ನೇ ತಗೊಳ್ಳಿ. ಆನ್‌ಲೈನ್‌ನಲ್ಲಿ ನಂಬಲಾಗದ ಬೆಲೆಗೆ "2 ಟಿಬಿ" ಅಂತ ಮಾರುವವು ಸುಳ್ಳು ಗಾತ್ರ ತೋರಿಸುವ ನಕಲಿ ಮಾಲು.

5. ಬ್ಯಾಕಪ್

ಹೊಸ ಎಸ್‌ಎಸ್‌ಡಿ ತರುವವರೂ ಇದನ್ನು ಓದಿ. ಹಳೇ ಡಿಸ್ಕ್ ಯಾವತ್ತು ಕೈಕೊಡುತ್ತದೋ ಗೊತ್ತಿಲ್ಲವಲ್ಲ.

ಎಕ್ಸ್‌ಟರ್ನಲ್ ಡಿಸ್ಕ್‌ಗೆ ಕಾಪಿ ಮಾಡಿದರೆ ಮುಗಿಯಲಿಲ್ಲ. ಅದನ್ನು ಇನ್ನೊಂದು ಕಂಪ್ಯೂಟರ್‌ಗೆ ಸಿಕ್ಕಿಸಿ ಫೋಟೊ, ಕಡತ ನಾಲ್ಕಾರು ತೆರೆದು ನೋಡಿ. ತೆರೆದರೆ ಮಾತ್ರ ಬ್ಯಾಕಪ್ ಆಯಿತು ಅಂತ ಅರ್ಥ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಜೊತೆಗೆ ಡಿ ಡ್ರೈವ್, ಇ ಡ್ರೈವ್ ನೋಡುವುದು ಮರೆಯಬೇಡಿ. ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳೂ ಇರುತ್ತವೆ.

ಕನ್ನಡದವರು ಬಿಟ್ಟುಬಿಡುವ ಒಂದು ಸಂಗತಿ ಇದೆ, ಫಾಂಟ್‌ಗಳು. ಯೂನಿಕೋಡ್‌ಗಿಂತ ಮುಂಚೆ ನುಡಿ, ಬರಹ, ಶ್ರೀಲಿಪಿಯಲ್ಲಿ ಟೈಪ್ ಮಾಡಿದ ಕಡತಗಳು ಆಯಾ ಫಾಂಟ್ ಇದ್ದರೆ ಮಾತ್ರ ಕನ್ನಡವಾಗಿ ಕಾಣುತ್ತವೆ. ಇಲ್ಲದಿದ್ದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಆದ್ದರಿಂದ ವಿಂಡೋಸ್‌ನ ಫಾಂಟ್ಸ್ ಫೋಲ್ಡರ್‌ನಿಂದ ಆ ಕನ್ನಡ ಫಾಂಟ್‌ಗಳನ್ನೂ ಕಾಪಿ ಮಾಡಿಟ್ಟುಕೊಳ್ಳಿ. ಲಿನಕ್ಸ್‌ನಲ್ಲಿ ಅವನ್ನು ಹಾಕಿಕೊಂಡರೆ ಲಿಬ್ರೆ ಆಫೀಸ್‌ನಲ್ಲಿ (ಎಂಎಸ್ ಆಫೀಸ್ ಥರದ ಉಚಿತ ತಂತ್ರಾಂಶ) ಹಳೇ ಕಡತ ಓದಬಹುದು.

ಬಿಟ್‌ಲಾಕರ್ ಆನ್ ಇದೆಯಾ ಅಂತಲೂ ನೋಡಿ. ಇದು ಡಿಸ್ಕ್ ಪೂರ್ತಿ ಬೀಗ ಹಾಕುವ ವ್ಯವಸ್ಥೆ, ಕೆಲವು ಮಷೀನ್‌ಗಳಲ್ಲಿ "ಡಿವೈಸ್ ಎನ್‌ಕ್ರಿಪ್ಶನ್" ಅಂತ ಇರುತ್ತದೆ. ಆನ್ ಇದ್ದರೆ ರಿಕವರಿ ಕೀ ಬರೆದಿಟ್ಟುಕೊಳ್ಳಿ, ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಸಿಗುತ್ತದೆ. ಬಯಾಸ್‌ನಲ್ಲಿ (ವಿಂಡೋಸ್‌ಗೂ ಮುಂಚೆ ಮಷೀನ್ ಶುರು ಮಾಡುವ ವ್ಯವಸ್ಥೆಯ ಸೆಟ್ಟಿಂಗ್ಸ್) ಏನಾದರೂ ಬದಲಾಯಿಸಿದರೆ ಅದು ಕೀ ಕೇಳುವ ಸಾಧ್ಯತೆ ಇದೆ, ಕೀ ಇಲ್ಲದಿದ್ದರೆ ಫೈಲ್ ಸಿಗಲ್ಲ.

6. ಪೆನ್‌ಡ್ರೈವ್ ತಯಾರಿ

8 ಜಿಬಿ ಪೆನ್‌ಡ್ರೈವ್ ಸಾಕು. ಅದರಲ್ಲಿರುವುದೆಲ್ಲ ಅಳಿಸಿ ಹೋಗುತ್ತದೆ, ನೆನಪಿರಲಿ.

ಐಎಸ್‌ಒ ಫೈಲ್, ಅಂದರೆ ಇಡೀ ಲಿನಕ್ಸ್ ಇರುವ ಒಂದೇ ದೊಡ್ಡ ಫೈಲ್, ಆಯಾ ಡಿಸ್ಟ್ರೊದ ಅಧಿಕೃತ ಸೈಟ್‌ನಿಂದಲೇ ಇಳಿಸಿಕೊಳ್ಳಿ. ಇಳಿಸಿದ ಮೇಲೆ ಚೆಕ್‌ಸಮ್ ತಾಳೆ ನೋಡಿ. ಚೆಕ್‌ಸಮ್ ಅಂದರೆ ಫೈಲ್‌ನಿಂದ ಲೆಕ್ಕ ಹಾಕಿದ ಒಂದು ಉದ್ದನೆಯ ಸಂಕೇತ. ಫೈಲ್‌ನಲ್ಲಿ ಒಂದಕ್ಷರ ವ್ಯತ್ಯಾಸವಾದರೂ ಅದು ಪೂರ್ತಿ ಬದಲಾಗುತ್ತದೆ. ವಿಂಡೋಸ್‌ನಲ್ಲಿ 7-ಜಿಪ್ ಇದ್ದರೆ ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ ಎಸ್‌ಎಚ್‌ಎ-256 ಆರಿಸಿ. ಬಂದ ಸಂಕೇತ ಡಿಸ್ಟ್ರೊದ ಸೈಟ್‌ನಲ್ಲಿರುವುದಕ್ಕೆ ಸರಿಹೊಂದಬೇಕು. ನೆಟ್ ನಡುವೆ ಕಡಿದು ಅರೆಬರೆ ಇಳಿದ ಫೈಲ್‌ನಿಂದಲೇ "ಇನ್‌ಸ್ಟಾಲ್ ಅರ್ಧಕ್ಕೆ ನಿಂತಿತು" ಅನ್ನುವ ಎಷ್ಟೋ ದೂರುಗಳು ಬರುವುದು.

ಪೆನ್‌ಡ್ರೈವ್‌ಗೆ ಬರೆಯಲು ಬಲೇನಾ ಎಚರ್ ಅನ್ನುವ ತಂತ್ರಾಂಶ ಸುಲಭ. ಫೈಲ್ ಆರಿಸಿ, ಪೆನ್‌ಡ್ರೈವ್ ಆರಿಸಿ, ಬರೆಯಿರಿ. ಎಕ್ಸ್‌ಟರ್ನಲ್ ಡಿಸ್ಕ್ ಸಿಕ್ಕಿಸಿದ್ದರೆ ಮೊದಲು ತೆಗೆದುಬಿಡಿ, ತಪ್ಪಿ ಅದನ್ನೇ ಆರಿಸಿದರೆ ಬ್ಯಾಕಪ್ ಹೋಯಿತು. ಬರೆದು ಮುಗಿದ ಮೇಲೆ ವಿಂಡೋಸ್ "ಈ ಡಿಸ್ಕ್ ಫಾರ್ಮ್ಯಾಟ್ ಮಾಡಬೇಕು" ಅಂತ ಕೇಳಬಹುದು. ಪೆನ್‌ಡ್ರೈವ್ ಕೆಟ್ಟಿಲ್ಲ, ಕ್ಯಾನ್ಸಲ್ ಒತ್ತಿ.

7. ಇನ್‌ಸ್ಟಾಲ್ ಮಾಡದೆ ಓಡಿಸಿ ನೋಡಿ

ಪೆನ್‌ಡ್ರೈವ್ ಸಿಕ್ಕಿಸಿ ಮಷೀನ್ ಆನ್ ಮಾಡುತ್ತಲೇ ಬೂಟ್ ಮೆನು ಕೀ ಒತ್ತುತ್ತಾ ಇರಿ. ಡೆಲ್, ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಸ್ಕೇಪ್ ಅಥವಾ ಎಫ್9. ಏಸರ್‌ನಲ್ಲೂ ಎಫ್12, ಆದರೆ ಕೆಲವು ಮಾದರಿಗಳಲ್ಲಿ ಬಯಾಸ್ ಒಳಗೆ ಹೋಗಿ ಅದನ್ನು ಮೊದಲು ಆನ್ ಮಾಡಬೇಕು. ಪರದೆ ಕಪ್ಪಗೇ ಉಳಿದರೆ ಮಿಂಟ್‌ನ ಮೊದಲ ಮೆನುವಿನಲ್ಲಿ "ಕಂಪ್ಯಾಟಿಬಿಲಿಟಿ ಮೋಡ್" ಆರಿಸಿ.

ಈಗ ಪೆನ್‌ಡ್ರೈವ್‌ನಿಂದಲೇ ಪೂರ್ತಿ ಲಿನಕ್ಸ್ ಓಡುತ್ತದೆ, ನಿಮ್ಮ ಡಿಸ್ಕ್ ಮುಟ್ಟಿರುವುದಿಲ್ಲ. ಇದಕ್ಕೆ ಲೈವ್ ಸೆಷನ್ ಅಂತಾರೆ. ಹಳೇ ಯುಎಸ್‌ಬಿ ಪೋರ್ಟ್‌ನಿಂದ ನಿಧಾನವಾಗಿಯೇ ಬರುತ್ತದೆ, ಅದನ್ನು ನೋಡಿ ವೇಗ ಅಳೆಯಬೇಡಿ. ಅರ್ಧ ಗಂಟೆ ಕೂತು ವೈಫೈ, ಸೌಂಡ್, ಟಚ್‌ಪ್ಯಾಡ್, ಬ್ರೈಟ್‌ನೆಸ್ ಕೀ, ಕ್ಯಾಮೆರಾ ಒಂದೊಂದೇ ನೋಡಿ. ಮುಚ್ಚಳ ಮುಚ್ಚಿ ತೆರೆದರೆ ಸರಿಯಾಗಿ ಎದ್ದೇಳುತ್ತದಾ ಅಂತಲೂ ನೋಡಿ.

ವೈಫೈ ಕಾಣದಿದ್ದರೆ ಗಾಬರಿ ಬೇಡ. ಬ್ರಾಡ್‌ಕಾಂ ಚಿಪ್ ಇರುವ ಹಳೇ ಲ್ಯಾಪ್‌ಟಾಪ್‌ಗಳಲ್ಲಿ ಡ್ರೈವರ್ ಆಮೇಲೆ ಹಾಕಬೇಕಾಗುತ್ತದೆ. ಫೋನನ್ನು ಕೇಬಲ್‌ನಲ್ಲಿ ಸಿಕ್ಕಿಸಿ ಯುಎಸ್‌ಬಿ ಟೆಥರಿಂಗ್ ಆನ್ ಮಾಡಿದರೆ ನೆಟ್ ಬರುತ್ತದೆ, ಅದರಿಂದಲೇ ಡ್ರೈವರ್ ಇಳಿಸಿಕೊಳ್ಳಬಹುದು.

ಹಳೇ ಡಿಸ್ಕ್ ಮೇಲೆಯೇ ಹಾಕುವವರು ಇಲ್ಲೇ "ಡಿಸ್ಕ್ಸ್" ಅನ್ನುವ ತಂತ್ರಾಂಶ ತೆರೆದು ಸ್ಮಾರ್ಟ್ ಮಾಹಿತಿ ನೋಡಿ. ಡಿಸ್ಕ್ ತನ್ನ ಆರೋಗ್ಯವನ್ನು ತಾನೇ ಬರೆದಿಟ್ಟುಕೊಳ್ಳುವ ಪಟ್ಟಿ ಅದು. "ರೀಅಲೊಕೇಟೆಡ್ ಸೆಕ್ಟರ್", "ಪೆಂಡಿಂಗ್ ಸೆಕ್ಟರ್" ಇವುಗಳ ಎದುರು ಸೊನ್ನೆ ಬಿಟ್ಟು ಬೇರೆ ಸಂಖ್ಯೆ ಇದ್ದು ಅದು ಏರುತ್ತಿದ್ದರೆ ಆ ಡಿಸ್ಕ್ ಮೇಲೆ ಏನೂ ಹಾಕಬೇಡಿ.

8. ಇನ್‌ಸ್ಟಾಲ್

ಲ್ಯಾಪ್‌ಟಾಪ್ ಬ್ಯಾಟರಿ ಸತ್ತಿದ್ದರೆ ಯುಪಿಎಸ್‌ಗೆ ಸಿಕ್ಕಿಸಿ ಕೂರಿ. ನಡುವೆ ಕರೆಂಟ್ ಹೋದರೆ ಮೊದಲಿಂದ ಶುರು ಮಾಡಬೇಕು.

ಮಿಂಟ್‌ನಲ್ಲಿ ಡೆಸ್ಕ್‌ಟಾಪ್ ಮೇಲಿನ ಇನ್‌ಸ್ಟಾಲ್ ಚಿತ್ರ ಒತ್ತಿದರೆ ಪ್ರಶ್ನೆಗಳು ಬರುತ್ತವೆ. ಕೀಬೋರ್ಡ್ ಕೇಳಿದಾಗ ಇಂಗ್ಲಿಷ್ ಆರಿಸಿ, ಕನ್ನಡ ಆಮೇಲೆ ಸೇರಿಸೋಣ. ಇಲ್ಲಿ ಕನ್ನಡ ಕೀಬೋರ್ಡ್ ಆರಿಸಿ ಪಾಸ್‌ವರ್ಡ್ ಇಟ್ಟರೆ ಲಾಗಿನ್ ಆಗೋಕೆ ಪರದಾಡಬೇಕಾಗುತ್ತದೆ. ಮಲ್ಟಿಮೀಡಿಯಾ ಕೋಡೆಕ್ (ಹಾಡು, ವಿಡಿಯೊ ಓಡಿಸಲು ಬೇಕಾದದ್ದು) ಅನ್ನುವ ಚೌಕಕ್ಕೆ ಟಿಕ್ ಹಾಕಿ. ಸೆಕ್ಯೂರ್ ಬೂಟ್ (ಮಾನ್ಯ ಸಹಿ ಇಲ್ಲದ ತಂತ್ರಾಂಶ ಶುರುವಾಗದಂತೆ ತಡೆಯುವ ವ್ಯವಸ್ಥೆ) ಆನ್ ಇದ್ದರೆ ಆಗ ಒಂದು ಪಾಸ್‌ವರ್ಡ್ ಕೇಳಬಹುದು. ಮೊದಲ ರೀಸ್ಟಾರ್ಟ್‌ನಲ್ಲಿ ನೀಲಿ ಪರದೆ ಬಂದಾಗ "ಎನ್‌ರೋಲ್ ಎಂಒಕೆ" ಆರಿಸಿ ಅದೇ ಪಾಸ್‌ವರ್ಡ್ ಕೊಡಬೇಕು. ಸುಮ್ನೆ ಮುಂದೆ ಹೋದರೆ ಕೆಲವು ಡ್ರೈವರ್ ಕೆಲಸ ಮಾಡಲ್ಲ.

ಆಮೇಲೆ ಮುಖ್ಯ ಪ್ರಶ್ನೆ, ಎಲ್ಲಿ ಹಾಕಬೇಕು ಅಂತ. ಹಳೇ ಡಿಸ್ಕ್ ಬಿಚ್ಚಿ ಹೊಸ ಎಸ್‌ಎಸ್‌ಡಿ ಹಾಕಿದ್ದರೆ "ಎರೇಸ್ ಡಿಸ್ಕ್" ಆರಿಸಿ. ಡಿಸ್ಕ್‌ನ ಹೆಸರು, ಗಾತ್ರ ಎರಡನ್ನೂ ಓದಿಯೇ ಮುಂದೆ ಒತ್ತಿ.

ವಿಂಡೋಸ್ ಜೊತೆಗೇ ಇರಲಿ ಅನ್ನುವವರಿಗೆ ಕೆಲಸ ಜಾಸ್ತಿ. ಮೊದಲು ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಿಂದಲೇ ಜಾಗ ಕುಗ್ಗಿಸಿ ಖಾಲಿ ಬಿಡಿ. ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಅದು ಆನ್ ಇದ್ದರೆ ಶಟ್‌ಡೌನ್ ಮಾಡಿದರೂ ವಿಂಡೋಸ್ ಅರ್ಧ ನಿದ್ದೆಯಲ್ಲೇ ಇರುತ್ತದೆ, ಆಗ ಲಿನಕ್ಸ್‌ನಿಂದ ಆ ಡ್ರೈವ್‌ಗೆ ಬರೆಯುವುದು ಅಪಾಯ. ಕಂಪ್ಯೂಟರ್ ಶುರುವಾಗುವುದಕ್ಕೆ ಎರಡು ರೀತಿ ಇವೆ, ಹೊಸದು ಯುಇಎಫ್‌ಐ, ಹಳೆಯದು ಲೆಗಸಿ. ವಿಂಡೋಸ್ ಯುಇಎಫ್‌ಐ ರೀತಿಯಲ್ಲಿ ಇದ್ದರೆ ಪೆನ್‌ಡ್ರೈವನ್ನೂ ಯುಇಎಫ್‌ಐ ರೀತಿಯಲ್ಲೇ ಬೂಟ್ ಮಾಡಿ, ಲೆಗಸಿ ಆದರೆ ಲೆಗಸಿ. ಆಮೇಲೆ "ಇನ್‌ಸ್ಟಾಲ್ ಅಲಾಂಗ್‌ಸೈಡ್" ಆರಿಸಿ. "ಸಮ್‌ಥಿಂಗ್ ಎಲ್ಸ್" ಅನ್ನುವುದು ಪಾರ್ಟಿಷನ್ (ಡಿಸ್ಕ್‌ನ ಭಾಗಗಳು) ಬಗ್ಗೆ ಗೊತ್ತಿರುವವರಿಗೆ. ಅಲ್ಲಿಗೆ ಹೋದರೆ ಇಎಫ್‌ಐ ಪಾರ್ಟಿಷನ್ ಮಾತ್ರ ಫಾರ್ಮ್ಯಾಟ್ ಮಾಡಬೇಡಿ, ವಿಂಡೋಸ್ ಶುರುವಾಗುವುದೇ ಅಲ್ಲಿಂದ.

ಮುಗಿದ ಮೇಲೆ ಪೆನ್‌ಡ್ರೈವ್ ತೆಗೆಯಲು ಹೇಳುತ್ತದೆ. ತೆಗೆದು ಎಂಟರ್ ಒತ್ತಿ.

9. ಮೊದಲ ದಿನ ಮಾಡಬೇಕಾದ್ದು

ಮಿಂಟ್‌ನಲ್ಲಿ ಅಪ್‌ಡೇಟ್ ಮ್ಯಾನೇಜರ್ ತೆರೆದು ಬಂದಿರುವುದನ್ನೆಲ್ಲ ಹಾಕಿ. ಡ್ರೈವರ್ ಮ್ಯಾನೇಜರ್ ಒಮ್ಮೆ ನೋಡಿ. ಫೈರ್‌ವಾಲ್ ಆನ್ ಮಾಡಿ, ಒಂದು ಗುಂಡಿ ಅಷ್ಟೇ.

ಆಮೇಲೆ ಟೈಮ್‌ಶಿಫ್ಟ್. ಸಿಸ್ಟಮ್ ಈಗ ಹೇಗಿದೆಯೋ ಹಾಗೆ ಒಂದು ಪ್ರತಿ ತೆಗೆದಿಡುತ್ತದೆ, ಮುಂದೆ ಯಾವುದೋ ಅಪ್‌ಡೇಟ್ ಕೆಡಿಸಿದರೆ ಹಿಂದಕ್ಕೆ ಹೋಗಬಹುದು. ವಾರಕ್ಕೊಂದರಂತೆ ಎರಡು ಮೂರು ಪ್ರತಿ ಇಟ್ಟುಕೊಂಡರೆ ಸಾಕು, ಜಾಸ್ತಿ ಇಟ್ಟರೆ ಚಿಕ್ಕ ಎಸ್‌ಎಸ್‌ಡಿ ತುಂಬಿಹೋಗುತ್ತದೆ. ಇದು ನಿಮ್ಮ ಫೋಟೊ, ಕಡತಗಳ ಬ್ಯಾಕಪ್ ಅಲ್ಲ. ಅವುಗಳಿಗೆ ಬೇರೆ ಡಿಸ್ಕ್ ಬೇಕೇ ಬೇಕು.

ಕನ್ನಡ ಟೈಪಿಂಗ್‌ಗೆ ಎರಡು ದಾರಿ. ಕೀಬೋರ್ಡ್ ಸೆಟ್ಟಿಂಗ್ಸ್‌ನ ಲೇಔಟ್‌ನಲ್ಲಿ ಇಂಡಿಯನ್ ಕೆಳಗೆ "ಕನ್ನಡ" ಮತ್ತು "ಕನ್ನಡ ಕಗಪ ಫೊನೆಟಿಕ್" ಇವೆ, ಬೇಕಾದ್ದನ್ನು ಸೇರಿಸಿ. ಇಲ್ಲವಾದರೆ ಸಾಫ್ಟ್‌ವೇರ್ ಮ್ಯಾನೇಜರ್‌ನಿಂದ ಐಬಸ್ ಅನ್ನುವ ಟೈಪಿಂಗ್ ತಂತ್ರಾಂಶ ಮತ್ತು ಅದರ ಎಂ17ಎನ್ ಭಾಗ ಹಾಕಿಕೊಂಡರೆ ಕಗಪ, ಇನ್‌ಸ್ಕ್ರಿಪ್ಟ್, ಐಟ್ರಾನ್ಸ್ ಮೂರೂ ಕೀಲಿ ವಿನ್ಯಾಸಗಳು ಸಿಗುತ್ತವೆ. ನುಡಿಯಲ್ಲಿ ಕೈ ಪಳಗಿದವರು ಕಗಪ ಆರಿಸಿ. ಗುಬ್ಬಿ, ನವಿಲು ಫಾಂಟ್‌ಗಳೂ ಅಲ್ಲೇ ಸಿಗುತ್ತವೆ.

ಮತ್ತೆ ಮತ್ತೆ ಬರುವ ತೊಂದರೆಗಳು

ವಿಂಡೋಸ್, ಲಿನಕ್ಸ್ ಎರಡೂ ಇರುವ ಮಷೀನ್‌ನಲ್ಲಿ ಗಡಿಯಾರ ಐದೂವರೆ ಗಂಟೆ ತಪ್ಪು ತೋರಿಸುತ್ತದೆ. ಮಷೀನ್ ಒಳಗಿನ ಗಡಿಯಾರವನ್ನು ವಿಂಡೋಸ್ ಭಾರತೀಯ ಸಮಯ ಅಂತ ಓದುತ್ತದೆ, ಲಿನಕ್ಸ್ ಜಾಗತಿಕ ಸಮಯ ಅಂತ ಓದುತ್ತದೆ, ವ್ಯತ್ಯಾಸ ಅಷ್ಟೇ. ಏನೂ ಕೆಟ್ಟಿಲ್ಲ. ನೆಟ್‌ನಿಂದ ಸಮಯ ಸಿಂಕ್ ಮಾಡಿದರೆ ಆ ಹೊತ್ತಿಗೆ ಮಾತ್ರ ಸರಿಯಾಗುತ್ತದೆ, ಇನ್ನೊಂದಕ್ಕೆ ಹೋದಾಗ ಮತ್ತೆ ತಪ್ಪುತ್ತದೆ. ಲಿನಕ್ಸ್‌ನ ಟರ್ಮಿನಲ್‌ನಲ್ಲಿ (ಆದೇಶ ಟೈಪ್ ಮಾಡುವ ಕಿಟಕಿ) timedatectl set-local-rtc 1 ಅಂತ ಕೊಟ್ಟರೆ ಲಿನಕ್ಸ್ ಕೂಡ ಅದನ್ನು ಭಾರತೀಯ ಸಮಯ ಅಂತಲೇ ಓದುತ್ತದೆ.

ಪ್ರತಿ ಸಲ ಆನ್ ಮಾಡಿದಾಗಲೂ ದಿನಾಂಕ ಎಷ್ಟೋ ವರ್ಷ ಹಿಂದಕ್ಕೆ ಹೋಗಿದ್ದರೆ ಅದು ಬೇರೆ ವಿಷಯ. ಮದರ್‌ಬೋರ್ಡ್ ಮೇಲಿನ ಚಿಕ್ಕ ಬಟನ್ ಬ್ಯಾಟರಿ ಮುಗಿದಿದೆ. ದಿನಾಂಕ ತಪ್ಪಿದ್ದರೆ ಬ್ರೌಸರ್ ಎಲ್ಲ ಸೈಟ್‌ಗಳನ್ನೂ ಅಸುರಕ್ಷಿತ ಅನ್ನುತ್ತದೆ, ಅಪ್‌ಡೇಟ್ ಕೂಡ ಬರಲ್ಲ, ಜನ ಲಿನಕ್ಸ್ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಡೆಸ್ಕ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಸಿಆರ್2032 ಇರುತ್ತದೆ, ಕಡಿಮೆ ಬೆಲೆಗೆ ವಾಚ್ ಅಂಗಡಿಯಲ್ಲೇ ಸಿಗುತ್ತದೆ.

ಇವೆರಡೂ ಅಲ್ಲದ ತೊಂದರೆ ಬಂದು ಸಹಾಯ ಕೇಳುವಾಗ "ವೈಫೈ ಬರ್ತಿಲ್ಲ" ಅಂತಷ್ಟೇ ಬರೆಯಬೇಡಿ. ಮಿಂಟ್‌ನಲ್ಲಿ ಸಿಸ್ಟಮ್ ಇನ್ಫರ್ಮೇಷನ್ ತೆರೆದು ಅಲ್ಲಿರುವುದನ್ನು ಪೂರ್ತಿ ಕಾಪಿ ಮಾಡಿ ಹಾಕಿ, ಯಾವ ಹಂತದಲ್ಲಿ ಏನು ಕಾಣಿಸಿತು ಅಂತ ಬರೆಯಿರಿ, ಪರದೆಯ ಫೋಟೊ ಇದ್ದರೆ ಅದನ್ನೂ ಸೇರಿಸಿ.